ತೋಟದ ಏರಿಗೆ ಆರ್‌ಎಕ್ಸ್ 100: ಸ್ಪ್ರಾಕೆಟ್, ಸೈಲೆನ್ಸರ್, ರೀಡ್, ಹೆಡ್ – ಯಾವುದರಿಂದ ಎಷ್ಟು ಪುಲ್ಲಿಂಗ್?

ಯಮಹಾ ಆರ್‌ಎಕ್ಸ್ 100 ಮಣ್ಣಿನ ದಾರಿಗೆಂದು ಹುಟ್ಟಿದ ಗಾಡಿಯಲ್ಲ. 1985ರಲ್ಲಿ ಬಂದು 1996ರಲ್ಲಿ ತಯಾರಿಕೆ ನಿಂತ ಈ 98 ಸಿಸಿಯ ಟೂ-ಸ್ಟ್ರೋಕ್ ಗಾಡಿಯ 11 ಅಶ್ವಶಕ್ತಿ ಕೈಗೆ ಸಿಗುವುದು 7500 ಆರ್‌ಪಿಎಂನಲ್ಲಿ, ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುವುದು 6500ರಲ್ಲಿ; ಇಂಜಿನ್ ನಿಧಾನಕ್ಕೆ ತಿರುಗುವಾಗ ಎಳೆತ ಕಡಿಮೆ. ಇರುವ ಗೇರುಗಳೂ ನಾಲ್ಕೇ. ಮುಂದಿನ ಮಡ್‌ಗಾರ್ಡ್ ಎತ್ತರಿಸಿ, ಬಟನ್ ಟೈರ್ ಹಾಕಿ ಇದನ್ನು ಡರ್ಟ್ ಬೈಕ್ ಮಾಡಿಕೊಂಡವರಿಗೆ ಮೊದಲು ಎದುರಾಗುವ ತೊಂದರೆಯೆಂದರೆ, ಏರಿನ ತಿರುವಿನಲ್ಲಿ ವೇಗ ಇಳಿದ ಕೂಡಲೇ ಎರಡನೇ ಗೇರಿನಲ್ಲಿ ಇಂಜಿನ್ ಉಸಿರು ಕಟ್ಟುವುದು, ಒಂದನೇ ಗೇರಿಗೆ ಹಾಕಿದರೆ ಹಿಂದಿನ ಚಕ್ರ ಮಣ್ಣು ಕೆದರುವುದು.

ಸಕಲೇಶಪುರದ ಹತ್ತಿರದ ನಮ್ಮ ತೋಟದಲ್ಲಿ ಪಂಪ್‌ಹೌಸಿನಿಂದ ಕಾಫಿ ಕಣದವರೆಗೆ ಸುಮಾರು ಕಾಲು ಕಿಲೋಮೀಟರಿನ ಕೆಮ್ಮಣ್ಣಿನ ಏರು ಇದೆ. ನಡುವೆ ಒಂದು ಮುರುಕು ತಿರುವು. ಅಲ್ಲಿ ಎರಡನೇ ಗೇರಿನಲ್ಲೇ, ಕ್ಲಚ್ ಮುಟ್ಟದೆ ಮೇಲೇರಬೇಕು ಎಂಬುದೊಂದೇ ನನ್ನ ಪರೀಕ್ಷೆ. ಒಂದು ಬಾರಿಗೆ ಒಂದೇ ಭಾಗ ಬದಲಿಸಿ, ಟೈರಿನ ಗಾಳಿಯನ್ನು ಹಾಗೆಯೇ ಇಟ್ಟುಕೊಂಡು, ಮಳೆ ನಿಂತ ಮೇಲಿನ ಗಟ್ಟಿ ನೆಲದಲ್ಲಿ ಓಡಿಸಿ ನೋಡಿದ್ದೇನೆ.

ನಾನು ಶುರು ಮಾಡಿದ್ದು ಸೈಲೆನ್ಸರಿನಿಂದ, ಏಕೆಂದರೆ ತಮ್ಮನಿಗೂ ನನಗೂ ಅದರ ಶಬ್ದದ ಮೇಲೆ ಕಣ್ಣಿತ್ತು. ರೇಸಿಗೆಂದು ಮಾಡಿದ ಎಕ್ಸ್‌ಪಾನ್ಷನ್ ಚೇಂಬರ್ (ನಡುವೆ ಹೊಟ್ಟೆ ಉಬ್ಬಿದ ಸೈಲೆನ್ಸರ್) ಹಾಕಿದಾಗ ಗಾಡಿ ಕಣದ ಸಮತಟ್ಟಿನಲ್ಲಿ ಹುಚ್ಚೆದ್ದು ಓಡಿತು, ಆದರೆ ತಿರುವಿನಲ್ಲಿ ಮೊದಲಿಗಿಂತಲೂ ಬೇಗ ಸತ್ತಿತು. ಇದು ಆಶ್ಚರ್ಯದ ಮಾತಲ್ಲ. ಸೈಲೆನ್ಸರಿನೊಳಗೆ ಹೋಗಿ ಮರಳುವ ಒತ್ತಡದ ಅಲೆ, ಎಕ್ಸಾಸ್ಟ್ ಪೋರ್ಟಿನಿಂದ (ಹೊಗೆ ಹೊರಹೋಗುವ ಕಿಂಡಿಯಿಂದ) ಹೊರಬಿದ್ದ ಪೆಟ್ರೋಲು-ಗಾಳಿಯ ಹೊಸ ಮಿಶ್ರಣವನ್ನು ಪೋರ್ಟ್ ಮುಚ್ಚುವ ಮೊದಲೇ ಸಿಲಿಂಡರಿನೊಳಗೆ ತಳ್ಳಬೇಕು; ಪೈಪು ಗಿಡ್ಡವಾದಷ್ಟೂ ಅಲೆ ಬೇಗ ಮರಳುವುದರಿಂದ, ಈ ಹೊಂದಾಣಿಕೆ ಹೆಚ್ಚಿನ ಆರ್‌ಪಿಎಂನಲ್ಲಿ ಮಾತ್ರ ಕೂಡಿಬರುತ್ತದೆ. ಕೆಳಗಿನ ಎಳೆತಕ್ಕೆ ಉದ್ದನೆಯ ಪೈಪೇ ಬೇಕು. ಕಂಪನಿಯ ಸೈಲೆನ್ಸರಿನ ಬ್ಯಾಫಲ್ (ಸದ್ದು ತಗ್ಗಿಸುವ ಒಳಕೊಳವೆ) ಕಿತ್ತು ಓಡಿಸಿದಾಗಲೂ ಸದ್ದು ಏರಿತೇ ಹೊರತು ಗಾಡಿ ಏರಲಿಲ್ಲ. ಅದೇ ಬ್ಯಾಫಲಿನಲ್ಲಿ ಟೂಟಿ ಆಯಿಲ್ (ಪೆಟ್ರೋಲಿನ ಜೊತೆಗೇ ಉರಿಯುವ ಟೂ-ಸ್ಟ್ರೋಕ್ ಎಣ್ಣೆ) ಸುಟ್ಟು ಗಟ್ಟಿಯಾಗಿದ್ದ ಮಸಿಯನ್ನು ಕೆರೆದು ತೆಗೆದು ಮತ್ತೆ ಕೂರಿಸಿದಾಗ, ಒಂದು ಪೈಸೆ ಖರ್ಚಿಲ್ಲದೆ ಇಂಜಿನ್ ಹಗುರಾಯಿತು. ಅಂದಹಾಗೆ, ಊರ ರಸ್ತೆಗೆ ಇಳಿಯುವ ಗಾಡಿಗೆ ಇಂಥ ಸದ್ದಿನ ಸೈಲೆನ್ಸರ್ ಕಾನೂನಿಗೂ ವಿರುದ್ಧ.

ಸ್ಪ್ರಾಕೆಟ್, ಅಂದರೆ ಚೈನು ಸುತ್ತುವ ಹಲ್ಲುಚಕ್ರದ ವಿಷಯ ಬೇರೆ. ಅದು ಇಂಜಿನ್ನಿನ ಶಕ್ತಿಯನ್ನು ಕೂದಲೆಳೆಯಷ್ಟೂ ಹೆಚ್ಚಿಸುವುದಿಲ್ಲ. ಇರುವ ಟಾರ್ಕನ್ನೇ ಗುಣಿಸಿ ಚಕ್ರಕ್ಕೆ ಕೊಡುತ್ತದೆ, ಅದೂ ಎಲ್ಲ ಆರ್‌ಪಿಎಂಗಳಲ್ಲೂ ಸಮನಾಗಿ. ನನ್ನ ಗಾಡಿಯಲ್ಲಿ ಮುಂದೆ 14, ಹಿಂದೆ 39 ಹಲ್ಲುಗಳಿದ್ದವು, ಅಂದರೆ ಅನುಪಾತ 2.79. ಮುಂದಿನದನ್ನು 13 ಮಾಡಿದರೆ ಅನುಪಾತ ಸರಿಯಾಗಿ 3. ಮುಂದೆ 14 ಹಾಗೆಯೇ ಬಿಟ್ಟು ಹಿಂದೆ 42 ಹಾಕಿದರೂ ಅದೇ 3. ಚಕ್ರಕ್ಕೆ ಸಿಗುವ ಎಳೆತ ಎರಡರಲ್ಲೂ ಶೇ. 7.7ರಷ್ಟು ಹೆಚ್ಚುತ್ತದೆ. ಎರಡನ್ನೂ ಹಾಕಿ ಓಡಿಸಿದಾಗ ಏರಿನಲ್ಲಿ ನನಗೆ ಒಂದಿಷ್ಟೂ ವ್ಯತ್ಯಾಸ ತಿಳಿಯಲಿಲ್ಲ. ಎರಡರಲ್ಲೂ ತಿರುವು ದಾಟಿತು. 13ರದು ಅಗ್ಗ, ಅರ್ಧ ಗಂಟೆಯ ಕೆಲಸ. ಆದರೆ ಚಿಕ್ಕ ಸ್ಪ್ರಾಕೆಟ್ಟಿನಲ್ಲಿ ಚೈನು ಹೆಚ್ಚು ಬಾಗಬೇಕು, ಒಂದೊಂದು ಹಲ್ಲಿನ ಮೇಲೂ ಹೊರೆ ಹೆಚ್ಚು. ಕೆಸರು ಸೇರಿಕೊಂಡ ಮೇಲಂತೂ ಹಲ್ಲುಗಳು ಬಹಳ ಬೇಗ ಚೂಪಾದವು. 13 ಮತ್ತು 42 ಎರಡನ್ನೂ ಒಟ್ಟಿಗೆ ಹಾಕಿದಾಗ ಒಂದನೇ ಗೇರು ಹೆಸರಿಗಷ್ಟೇ ಉಳಿಯಿತು, ಡಾಂಬರು ರಸ್ತೆಯಲ್ಲಿ ಇಂಜಿನ್ ಸುಮ್ಮನೆ ಅರಚಿಕೊಳ್ಳತೊಡಗಿತು. ಸ್ಪೀಡೋಮೀಟರಿನ ಕೇಬಲ್ ಮುಂದಿನ ಚಕ್ರದಿಂದ ಬರುವುದರಿಂದ ಓದು ಮಾತ್ರ ತಪ್ಪುವುದಿಲ್ಲ.

ಇಷ್ಟಾದ ಮೇಲೂ ಥ್ರಾಟಲ್ ತಿರುವಿದ ಕ್ಷಣದ ತಡವರಿಕೆ ಹೋಗಿರಲಿಲ್ಲ. ಕಾರ್ಬ್ಯುರೇಟರ್ ಬಿಚ್ಚಿ, ರೀಡ್ ವಾಲ್ವನ್ನು (ಮಿಶ್ರಣವನ್ನು ಒಳಗೆ ಬಿಟ್ಟು ಹಿಂದಕ್ಕೆ ಬಿಡದ ಎಸಳುಗಳ ಬಾಗಿಲನ್ನು) ಹೊರತೆಗೆದು ಬಿಸಿಲಿಗೆ ಹಿಡಿದಾಗ, ಒಂದು ಎಸಳಿನ ತುದಿಯಲ್ಲಿ ದಾರದಷ್ಟು ಬೆಳಕು ತೂರಿ ಬರುತ್ತಿತ್ತು. ಕೆಳಗಿನ ಆರ್‌ಪಿಎಂನಲ್ಲಿ ಮಿಶ್ರಣ ಆ ಸಂದಿಯಿಂದಲೇ ಹಿಂದಕ್ಕೆ ಉಗುಳಿಹೋಗುತ್ತಿತ್ತು. ಉಕ್ಕಿನ ಎಸಳುಗಳ ಬದಲಿಗೆ ಫೈಬರ್ ಎಸಳು ಹಾಕಿ, ಪ್ಲಗ್ಗಿನ ತುದಿ ಕಾಫಿಪುಡಿಯ ಬಣ್ಣಕ್ಕೆ ಬರುವವರೆಗೆ ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲು ಅಳೆದು ಬಿಡುವ ರಂಧ್ರ) ಹೊಂದಿಸಿದ ಮೇಲೆ ತಡವರಿಕೆ ಹೋಯಿತು. ಇದರಲ್ಲಿ ಹೊಸ ಎಸಳಿನ ಪಾಲೆಷ್ಟು, ಸಂದಿ ಮುಚ್ಚಿದ್ದರ ಪಾಲೆಷ್ಟು ಎಂದು ಕೇಳಿದರೆ, ಎರಡನೆಯದೇ ದೊಡ್ಡದು ಎನ್ನುತ್ತೇನೆ. ಫೈಬರಿನ ತುದಿ ಕಾಲಕ್ರಮೇಣ ಎಳೆ ಬಿಡುತ್ತದೆ. ಆದರೆ ತುಂಡಾದ ಉಕ್ಕಿನ ಎಸಳು ಕ್ರ್ಯಾಂಕ್‌ಕೇಸಿಗೆ ಬಿದ್ದಷ್ಟು ಅನಾಹುತವನ್ನಂತೂ ಅದು ಮಾಡುವುದಿಲ್ಲ.

ಹೆಡ್ ಹೊಡೆಸುವುದು, ಅಂದರೆ ಸಿಲಿಂಡರಿನ ಮುಚ್ಚಳದ ತಳ ಸವೆಸಿ ಒಳಗಿನ ಒತ್ತಡ ಹೆಚ್ಚಿಸುವುದು, ನಾಲ್ಕರಲ್ಲಿ ಅತ್ಯಂತ ರುಚಿಯದ್ದು, ಅತ್ಯಂತ ಅಪಾಯದ್ದು. ಲೇತಿನಲ್ಲಿ ಅರ್ಧ ಮಿಲಿಮೀಟರ್ ತೆಗೆಸಿದೆ. ಬೋರ್ (ಸಿಲಿಂಡರಿನ ಒಳವ್ಯಾಸ) 50 ಮಿಲಿಮೀಟರ್ ಆದ್ದರಿಂದ ದಹನದ ಜಾಗ ಕುಗ್ಗಿದ್ದು ಒಂದು ಸಿಸಿಗೂ ಕಡಿಮೆ. ಆದರೂ ಮೊದಲ ಕಿಕ್ಕಿಗೇ ಕಾಲಿಗೆ ಅದರ ಅರಿವಾಯಿತು, ಗಾಡಿ ಅದೇ ತಿರುವಿನಿಂದ ತಳ್ಳಿಸಿಕೊಂಡಂತೆ ಎದ್ದುಬಂತು. ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಹಾಕದೆ, ಅಂದರೆ ಪ್ಲಗ್ಗಿನ ಕಿಡಿಯನ್ನು ತುಸು ತಡವಾಗಿಸದೆ ಬಿಟ್ಟದ್ದು ನನ್ನದೇ ತಪ್ಪು. ಬೇಸಿಗೆಯ ಒಂದು ಮಧ್ಯಾಹ್ನ ಏರಿನಲ್ಲಿ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು ಬಂದಾಗ ಪೆಟ್ರೋಲು ಸರಿಯಿಲ್ಲವೆಂದುಕೊಂಡೆ. ಕಣ ಮುಟ್ಟುವ ಮೊದಲೇ ಪಿಸ್ಟನ್ ಸೀಜ್ ಆಯಿತು, ಸಿಲಿಂಡರಿಗೆ ಕಚ್ಚಿಕೊಂಡು ನಿಂತಿತು. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ ಖರ್ಚಿನಲ್ಲಿ ಮೂರು ಚೈನ್ ಸೆಟ್ ಬರುತ್ತಿದ್ದವು.

ಈಗ ಗಾಡಿಯಲ್ಲಿರುವುದು ಕಂಪನಿಯ ಸೈಲೆನ್ಸರ್, ಫೈಬರ್ ರೀಡ್, ಹೊಡೆಸದ ಇನ್ನೊಂದು ಹೆಡ್, ಮತ್ತು 14–42. ಹಿಂದೆ ಮೂರು ಹಲ್ಲು ಹೆಚ್ಚಿಸುವವರು ಚೈನಿನ ಉದ್ದವನ್ನು ಮೊದಲೇ ಲೆಕ್ಕ ಹಾಕಬೇಕು: ಸುಮಾರು ಒಂದೂವರೆ ಕೊಂಡಿಯಷ್ಟು ಹೆಚ್ಚು ಬೇಕಾಗುತ್ತದೆ, ಹಳೆಯ ಚೈನಿಗೆ ಹೊಸ ಕೊಂಡಿ ಜೋಡಿಸಿದರೆ ಆ ಜಾಗದಲ್ಲಿ ಬಿಗಿ-ಸಡಿಲ ಬರುತ್ತದೆ. ಹೊಸ ಚೈನನ್ನೇ ತಂದು, ಗಾಡಿಯ ಮೇಲೆ ಕೂತು, ಸಡಿಲ ನೋಡಿಕೊಂಡು ಕತ್ತರಿಸುವುದು ಒಳ್ಳೆಯದು.