ಸಾಬರಮತಿ ನದೀದಂಡೆ: ದಾರಿಗೆ ಪೂರ್ಣ ಅಂಕ, ಆಡಳಿತಕ್ಕೆ ಅರ್ಧ

ಅಹಮದಾಬಾದಿನ ಸಾಬರಮತಿ ನದೀದಂಡೆಯನ್ನು ಒಂದು ಸಾರ್ವಜನಿಕ ಸೇವೆಯೆಂದು ಅಳೆಯುವುದಾದರೆ, ಎರಡೂ ದಡಗಳಲ್ಲಿ ಹನ್ನೊಂದು ಕಿಲೋಮೀಟರಿನಷ್ಟು ಉದ್ದಕ್ಕೆ ನೀರಿನ ಮಗ್ಗುಲಲ್ಲೇ ಸಾಗುವ, ವಾಹನಗಳ ಕಾಟವಿಲ್ಲದ ಕೆಳಹಂತದ ಕಾಲುದಾರಿಗೆ ಪೂರ್ಣ ಅಂಕ ಕೊಡಬೇಕು. ಬೇಸಿಗೆಯ ಮಧ್ಯಾಹ್ನ ಮಾತ್ರ ಅಲ್ಲಿ ನೆರಳು ಹುಡುಕಬೇಕಾಗುತ್ತದೆ. ಕಾದ ಕಾಂಕ್ರೀಟಿನ ಝಳ ಚಪ್ಪಲಿಯನ್ನೂ ದಾಟಿ ಪಾದಕ್ಕೆ ತಾಗುತ್ತದೆ.

ಯೋಜನೆಗೆಂದೇ ಮಹಾನಗರ ಪಾಲಿಕೆಯು 1997ರಲ್ಲಿ ಪ್ರತ್ಯೇಕ ಕಂಪನಿಯೊಂದನ್ನು ಸ್ಥಾಪಿಸಿತು. ಕಾಮಗಾರಿ 2005ರಲ್ಲಿ ಆರಂಭವಾಗಿ, 2012ರಲ್ಲಿ ದಂಡೆ ಜನರಿಗೆ ತೆರೆಯಿತು. ನದಿಪಾತ್ರವನ್ನು ಕಿರಿದುಗೊಳಿಸಿ ಪಡೆದ ಸುಮಾರು ಇನ್ನೂರು ಹೆಕ್ಟೇರ್ ನೆಲದಲ್ಲಿ ಬಹುಪಾಲನ್ನು ರಸ್ತೆ, ಉದ್ಯಾನಗಳಿಗೆ ಮೀಸಲಿಟ್ಟು, ಸಣ್ಣದೊಂದು ಭಾಗವನ್ನು ಮಾರಿ ಖರ್ಚು ಸರಿದೂಗಿಸುವುದು ಮೂಲ ಲೆಕ್ಕಾಚಾರವಾಗಿತ್ತು. ತೆರಿಗೆದಾರರ ಮೇಲೆ ನೇರ ಹೊರೆ ಹಾಕದ ಈ ಉಪಾಯ ಜಾಣತನದ್ದೇ. ಆದರೆ ಸಾಲ ಮೊದಲು ಹೆಗಲೇರಿ, ನಿವೇಶನದ ಹಣ ವರ್ಷಗಳ ನಂತರ ಕೈಸೇರುವ ಇಂಥ ಏರ್ಪಾಡಿನಲ್ಲಿ, ತೀರ್ಮಾನಗಳು ಚುನಾಯಿತ ಸದಸ್ಯರ ಸಭೆಯಿಂದ ಒಂದು ಹೆಜ್ಜೆ ದೂರ ಸರಿದು ಕಂಪನಿಯ ಮಂಡಳಿಗೆ ಸೇರುತ್ತವೆ ಎಂಬುದು ನನ್ನ ಮುಖ್ಯ ಆಕ್ಷೇಪ. ದಡದ ಕೊಳೆಗೇರಿಗಳಿಂದ ಎಬ್ಬಿಸಲಾದ ಸಾವಿರಾರು ಕುಟುಂಬಗಳ ಪುನರ್ವಸತಿಯ ಪ್ರಶ್ನೆ ಹೈಕೋರ್ಟಿನ ಮೆಟ್ಟಿಲೇರಬೇಕಾಗಿ ಬಂದದ್ದನ್ನೂ ಸೇವೆಯ ಗುಣಮಟ್ಟದ ಲೆಕ್ಕಕ್ಕೇ ಹಿಡಿಯಬೇಕು.

ಪಾತ್ರದಲ್ಲಿ ವರ್ಷವಿಡೀ ಕಾಣುವ ನೀರು, ಅಂದಹಾಗೆ, ಬಹುಮಟ್ಟಿಗೆ ನರ್ಮದಾ ಕಾಲುವೆಯದು. 2022ರಲ್ಲಿ ಉದ್ಘಾಟನೆಯಾದ ಅಟಲ್ ಪಾದಚಾರಿ ಸೇತುವೆಗೆ ಟಿಕೆಟ್ ಕೊಂಡೇ ಹೋಗಬೇಕು. ಆ ಹಣದಲ್ಲಿ ನಿರ್ವಹಣೆಗೆ ಎಷ್ಟು ಹೋಗುತ್ತದೆಂಬುದನ್ನು ಟಿಕೆಟ್ ಕಿಟಕಿಯ ಪಕ್ಕದಲ್ಲೇ ಪ್ರಕಟಿಸಿದರೆ ಒಳ್ಳೆಯದು.