ನಾಸಾದ ‘ಫರ್ಮ್ಸ್’ ಕಾಡ್ಗಿಚ್ಚು ಎಚ್ಚರಿಕೆ ಸೇವೆ: ಕೆಂಪು ಚುಕ್ಕಿಯನ್ನು ಓದುವುದು ಹೇಗೆ?

ಸರ್ಕಾರಿ ಕಾಡು ಕಾಯುವವರಿಗೆ ಪುಕ್ಕಟೆ ಸಿಗುವ ಸಲಕರಣೆಗಳಲ್ಲಿ ಫರ್ಮ್ಸ್‌ಗೆ ಸಾಟಿಯಾದದ್ದು ಕಡಿಮೆ. ಉಪಗ್ರಹಕ್ಕೆ ಕಂಡ ಬೆಂಕಿಯನ್ನು ನಕ್ಷೆಯ ಮೇಲೆ ಚುಕ್ಕಿಯಾಗಿ ತೋರಿಸುತ್ತದೆ, ನೋಂದಾಯಿಸಿಕೊಂಡರೆ ಇಮೇಲ್ ಕಳಿಸುತ್ತದೆ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಉಳಿದ ಒಂದು ಅಂಕ ಹೋಗುವುದು ಸಮಯದ ವಿಚಾರದಲ್ಲಿ.

ಮೊದಲು ಜಾಗದ ಮಾತು. ಟೆರ್ರಾ ಮತ್ತು ಆಕ್ವಾ ಉಪಗ್ರಹಗಳಲ್ಲಿರುವ ಮೋಡಿಸ್ ಉಪಕರಣದ ಒಂದು ಚುಕ್ಕಿ ಎಂದರೆ ನೆಲದ ಮೇಲೆ 1 ಕಿ.ಮೀ. ಚೌಕ. ಸುಓಮಿ ಎನ್‌ಪಿಪಿ, ನೋವಾ-20 ಮತ್ತು ನೋವಾ-21ರಲ್ಲಿರುವ ವೀರ್ಸ್ ಉಪಕರಣದ್ದು 375 ಮೀಟರ್ ಚೌಕ. ಬೀಟ್ (ಒಬ್ಬ ಅರಣ್ಯ ರಕ್ಷಕರ ಪಾಲಿನ ಕಾಡು) ಮಟ್ಟದ ಕೆಲಸಕ್ಕೆ ವೀರ್ಸ್ ಅನ್ನೇ ನೆಚ್ಚಿಕೊಳ್ಳಿ. ಚುಕ್ಕಿ ಇರುವುದು ಚೌಕದ ನಡುವೆ. ಬೆಂಕಿ ಚೌಕದ ಯಾವ ಮೂಲೆಯಲ್ಲಾದರೂ ಇರಬಹುದು. ಅಂದರೆ ಸುಮಾರು 265 ಮೀಟರ್ ಅತ್ತಿತ್ತ. ಗುಡ್ಡಗಾಡಿನಲ್ಲಿ ಅಷ್ಟು ದೂರವೆಂದರೆ ಪಕ್ಕದ ಕಣಿವೆ! ಉಪಗ್ರಹ ಓರೆಯಾಗಿ ನೋಡಿದಾಗ ಚೌಕ ಇನ್ನೂ ಹಿಗ್ಗುತ್ತದೆ. ಡೌನ್‌ಲೋಡ್ ಮಾಡಿದ ಪಟ್ಟಿಯಲ್ಲಿ ‘ಸ್ಕ್ಯಾನ್’, ‘ಟ್ರ್ಯಾಕ್’ ಎಂಬ ಎರಡು ಕಾಲಂಗಳಿವೆ. ಆ ಚೌಕದ ನಿಜವಾದ ಅಳತೆ ಕಿ.ಮೀ.ನಲ್ಲಿ ಅಲ್ಲಿರುತ್ತದೆ. ತಂಡ ಹೊರಡುವ ಮುಂಚೆ ಅದನ್ನು ನೋಡಿ, ಅಷ್ಟಗಲದ ಚೌಕವನ್ನು ಬೀಟ್ ನಕ್ಷೆಯ ಮೇಲೆ ಬರೆದುಕೊಂಡು, ದಾರಿ ಗೊತ್ತುಮಾಡಿಕೊಳ್ಳಬೇಕು. ಚುಕ್ಕಿಯನ್ನೇ ಜಿಪಿಎಸ್‌ಗೆ ತುಂಬಿ ಇಳಿಜಾರಿನ ಮೇಲ್ಗಡೆಯಿಂದ ಇಳಿಯುವುದು ಪ್ರಾಣಕ್ಕೇ ಅಪಾಯ, ಬೆಂಕಿ ಏರುಮುಖವಾಗಿ ಬಲು ಬೇಗ ಓಡುತ್ತದೆ.

ಇನ್ನು ಸಮಯ. ವೀರ್ಸ್ ಹೊತ್ತ ಮೂರೂ ಉಪಗ್ರಹಗಳು ಹಾದುಹೋಗುವುದು ಸ್ಥಳೀಯ ಸಮಯ ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ಅಲ್ಲಿಂದ ಮಾಹಿತಿ ನಕ್ಷೆಗೆ ಬರಲು ಮೂರು ಗಂಟೆಯವರೆಗೆ ಹಿಡಿಯುತ್ತದೆ. ಸಂಜೆ ನಾಲ್ಕಕ್ಕೆ ಹೊತ್ತಿದ ಬೆಂಕಿಯ ಸುದ್ದಿ ಬರುವಷ್ಟರಲ್ಲಿ ಬೆಳಗಿನ ಜಾವವಾಗಿರಬಹುದು. ಆ ನಡುವಿನ ಹೊತ್ತಿನಲ್ಲಿ ಕಾವಲು ಗೋಪುರ ಖಾಲಿ ಬಿಟ್ಟರೆ ಯಾವ ಉಪಗ್ರಹವೂ ಕಾಪಾಡಲಾರದು. ಪಟ್ಟಿಯಲ್ಲಿರುವ ಸಮಯ ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ), ಸ್ಥಳೀಯ ಸಮಯಕ್ಕೆ ಬದಲಿಸಿಕೊಳ್ಳಬೇಕು. ಸ್ಪ್ರೆಡ್‌ಶೀಟ್‌ನಲ್ಲಿ ತೆರೆದಾಗ ಮುಂದಿನ ಸೊನ್ನೆ ಉದುರುವುದೂ ಉಂಟು: 815 ಎಂದರೆ 08:15.

ದಟ್ಟ ಮರಗಳ ಮೇಲಾವರಣದ ಕೆಳಗೆ ತರಗೆಲೆಯಲ್ಲಿ ಹರಿದಾಡುವ ನೆಲಬೆಂಕಿ ಉಪಗ್ರಹಕ್ಕೆ ಹಲವು ಸಲ ಕಾಣುವುದೇ ಇಲ್ಲ. ಮೋಡ ಕವಿದರೂ ಅಷ್ಟೆ. ಚುಕ್ಕಿ ಇಲ್ಲ ಎಂದಮಾತ್ರಕ್ಕೆ ಬೆಂಕಿ ಇಲ್ಲ ಎಂದಲ್ಲ. ವರ್ಷವಿಡೀ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮೂಡುವ ಚುಕ್ಕಿ ಹೆಚ್ಚಾಗಿ ಕಾರ್ಖಾನೆಯದೋ ಇಟ್ಟಿಗೆ ಗೂಡಿನದೋ ಶಾಖ. ಪತ್ತೆ ಎಷ್ಟು ಖಚಿತ ಎಂದು ಹೇಳುವ ವಿಶ್ವಾಸದ ಕಾಲಂನಲ್ಲಿ ‘ಲೋ’ (ಕಡಿಮೆ) ಎಂದು ಬಂದ ಹಗಲಿನ ಚುಕ್ಕಿಗೆ ನೀರಿನ ಮೇಲಿನ ಬಿಸಿಲ ಝಳಪು ಕಾರಣವಾಗಿರಬಹುದು. ಅಕ್ಕಪಕ್ಕದಲ್ಲಿ ಬೇರೆ ಚುಕ್ಕಿ ಇದೆಯೇ ನೋಡಿ ನಿರ್ಧರಿಸಿ.

ಇಮೇಲ್ ಎಚ್ಚರಿಕೆಗೆ ನೋಂದಾಯಿಸಿಕೊಂಡು ಅದರ ಗಡಿ ಗೀಚುವಾಗ ಕಾಡಿನ ಅಂಚಿಗೇ ನಿಲ್ಲಿಸಬೇಡಿ, 2 ಕಿ.ಮೀ. ಹೊರಗೂ ಸೇರಿಸಿ. ಹೊಲದ ಕೂಳೆ ಸುಡುವ ಬೆಂಕಿ ಒಳಗೆ ನುಗ್ಗುವುದಕ್ಕೆ ಮುಂಚೆಯೇ ತಿಳಿಯಬೇಕಲ್ಲವೇ? ಇಮೇಲ್ ವಿಳಾಸ ಕಚೇರಿಯದ್ದಾಗಿರಲಿ. ವ್ಯಕ್ತಿಯದ್ದಾದರೆ ವರ್ಗಾವಣೆಯಾದ ದಿನವೇ ಎಚ್ಚರಿಕೆಯೂ ಅವರ ಜೊತೆ ಹೋಗುತ್ತದೆ. ಬೇಸಿಗೆಗೆ ಮುನ್ನ ಬೆಂಕಿ ಹರಡದಂತೆ ಇಲಾಖೆಯೇ ಸುಟ್ಟು ಮಾಡುವ ಬೆಂಕಿರೇಖೆಗಳೂ ಚುಕ್ಕಿಯಾಗಿ ಬರುತ್ತವೆ. ಅವುಗಳ ದಿನಾಂಕ, ಜಾಗ ಬರೆದಿಟ್ಟರೆ ಮುಂದೆ ಗೊಂದಲವಾಗದು.

ದೊಡ್ಡ ತಪ್ಪು ನಡೆಯುವುದು ವಾರ್ಷಿಕ ವರದಿಯಲ್ಲಿ. ಒಂದೇ ಬೆಂಕಿಯನ್ನು ಮೂರು ಉಪಗ್ರಹ ಕಂಡರೆ ಕನಿಷ್ಠ ಮೂರು ಚುಕ್ಕಿ. ಸುಓಮಿ ಎನ್‌ಪಿಪಿ ಹಾರಿದ್ದು 2011ರಲ್ಲಿ, ನೋವಾ-20 2017ರಲ್ಲಿ, ನೋವಾ-21 2022ರಲ್ಲಿ. ಎಲ್ಲವನ್ನೂ ಕೂಡಿಸಿ ಹಳೆಯ ವರ್ಷದೊಂದಿಗೆ ಹೋಲಿಸಿದರೆ ಕಾಡ್ಗಿಚ್ಚು ಹೆಚ್ಚದೆಯೂ ಅಂಕಿ ಹೆಚ್ಚುತ್ತದೆ, ಪ್ರಾಮಾಣಿಕವಾಗಿ ದುಡಿದ ಸಿಬ್ಬಂದಿ ವಿನಾಕಾರಣ ಬೈಸಿಕೊಳ್ಳುತ್ತಾರೆ. ವರ್ಷದಿಂದ ವರ್ಷಕ್ಕೆ ಹೋಲಿಸಲು 2012ರಿಂದ ದಾಖಲೆಯಿರುವ ಸುಓಮಿ ಎನ್‌ಪಿಪಿ ಒಂದನ್ನೇ ಬಳಸಿ. ಸುಟ್ಟ ಹೆಕ್ಟೇರ್ ಲೆಕ್ಕಕ್ಕಂತೂ ಚುಕ್ಕಿ ಎಣಿಸಲೇಬೇಡಿ. ಅದಕ್ಕೆ ಸೆಂಟಿನೆಲ್-2 ಉಪಗ್ರಹ ತೆಗೆದ, ಬೆಂಕಿಗೆ ಮುಂಚಿನ ಮತ್ತು ನಂತರದ ಮೋಡವಿಲ್ಲದ ಚಿತ್ರಗಳನ್ನು ಹೋಲಿಸಿ, ಕಪ್ಪಾದ ಪ್ರದೇಶದ ಗಡಿ ಗುರುತಿಸಬೇಕು. ಹೊಸ ಚಿಗುರು ಬಂದರೆ ಕಲೆ ಮಾಸುತ್ತದೆ, ಆದ್ದರಿಂದ ಬೆಂಕಿ ಆರಿದ ಒಂದೆರಡು ವಾರದೊಳಗಿನ ಚಿತ್ರವನ್ನೇ ಆರಿಸಿಕೊಳ್ಳಿ.