ರೆಡ್‌ಶರ್ಟ್ ವರ್ಷ: ಹೊರಚೀಟಿಯಲ್ಲಿರುವುದು ಒಂದು, ಒಳಗಿರುವುದು ಇನ್ನೊಂದು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳು ಹೊಸದಾಗಿ ಸೇರಿದ ಆಟಗಾರರ ಮುಂದಿಡುವ ಸವಲತ್ತುಗಳಲ್ಲಿ ರೆಡ್‌ಶರ್ಟ್ ವರ್ಷವೂ ಒಂದು. ಇದನ್ನು ಒಪ್ಪಿಕೊಂಡವನು ಮೊದಲ ವರ್ಷ ತಂಡದ ಜೊತೆ ಅಭ್ಯಾಸ ಮಾಡುತ್ತಾನೆ, ತರಗತಿಗೆ ಹೋಗುತ್ತಾನೆ, ವಿದ್ಯಾರ್ಥಿವೇತನವನ್ನೂ ಪಡೆಯಬಹುದು. ಪಂದ್ಯವನ್ನು ಮಾತ್ರ ಆಡುವುದಿಲ್ಲ. ಐದು ವರ್ಷಗಳೊಳಗೆ ನಾಲ್ಕು ಋತು ಆಡಬಹುದೆಂಬ, ದಶಕಗಳಿಂದ ನಡೆದುಬಂದ ಎನ್‌ಸಿಎಎ (ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ನಿಯಮದಿಂದಾಗಿ ‘ಕೊನೆಯಲ್ಲಿ ಒಂದು ವರ್ಷ ಹೆಚ್ಚುವರಿ’ ಎಂಬುದೇ ಇದರ ಮುಖ್ಯ ಆಕರ್ಷಣೆಯೆಂದು ಹೇಳಲಾಗುತ್ತದೆ.

ಆದರೆ ಇದರಿಂದ ಅತಿ ಹೆಚ್ಚು ಲಾಭ ಪಡೆದವರು ಆ ಹೆಚ್ಚುವರಿ ವರ್ಷವನ್ನು ಮುಟ್ಟಲೇ ಇಲ್ಲ. ವಿಲನೋವಾ ವಿಶ್ವವಿದ್ಯಾಲಯದ ಮಿಕಾಲ್ ಬ್ರಿಡ್ಜಸ್ 2014–15ರಲ್ಲಿ ಹೊರಗೆ ಕುಳಿತು, ಆಮೇಲೆ ಆಡಿದ ಮೂರೇ ಋತುಗಳಲ್ಲಿ ತಂಡದೊಂದಿಗೆ 2016 ಮತ್ತು 2018ರ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದು, 2018ರ ಎನ್‌ಬಿಎ ಡ್ರಾಫ್ಟ್‌ನಲ್ಲಿ (ವೃತ್ತಿಪರ ಲೀಗ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಹತ್ತನೆಯವನಾಗಿ ಆಯ್ಕೆಯಾದರು. ವರ್ಜೀನಿಯಾ ವಿಶ್ವವಿದ್ಯಾಲಯದ ಡಿಆಂಡ್ರೆ ಹಂಟರ್ ರೆಡ್‌ಶರ್ಟ್ ವರ್ಷದ ನಂತರ ಆಡಿದ್ದು ಎರಡೇ ಋತು. 2019ರ ಫೈನಲ್‌ನಲ್ಲಿ ಟೆಕ್ಸಾಸ್ ಟೆಕ್ ವಿರುದ್ಧ 27 ಅಂಕ ಗಳಿಸಿ, ಅದೇ ವರ್ಷ ನಾಲ್ಕನೆಯ ಆಯ್ಕೆಯಾಗಿ ಹೊರನಡೆದರು. ಆದ್ದರಿಂದ ಈ ಸವಲತ್ತಿನ ನಿಜವಾದ ಬೆಲೆ ಇರುವುದು ಐದನೆಯ ವರ್ಷದಲ್ಲಲ್ಲ, ಮೈಗಟ್ಟಿಸಿಕೊಳ್ಳಲು ಮತ್ತು ತಂಡದ ರಕ್ಷಣಾಕ್ರಮವನ್ನು ಅರಗಿಸಿಕೊಳ್ಳಲು ಸಿಗುವ ಮೊದಲ ವರ್ಷದಲ್ಲೇ ಎಂದು ನನ್ನ ಅಭಿಪ್ರಾಯ.

ಕೊರತೆಗಳೂ ಸಣ್ಣವಲ್ಲ. 2018ರಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರರಿಗೆ ನಾಲ್ಕು ಪಂದ್ಯಗಳವರೆಗೆ ಆಡಿಯೂ ರೆಡ್‌ಶರ್ಟ್ ಉಳಿಸಿಕೊಳ್ಳುವ ಅವಕಾಶ ಸಿಕ್ಕಿತು. ಬ್ಯಾಸ್ಕೆಟ್‌ಬಾಲ್‌ಗೆ ಆ ಸಡಿಲಿಕೆ ದೊರೆಯಲಿಲ್ಲ. ಗಾಯದಂಥ ಕಾರಣವಿಲ್ಲದೆ ಒಂದೇ ನಿಮಿಷ ಅಂಗಳಕ್ಕಿಳಿದರೂ ಒಂದು ಋತು ಖರ್ಚಾದಂತೆಯೇ. 1972ಕ್ಕೆ ಮುಂಚೆ ಪ್ರಮುಖ ಕಾಲೇಜುಗಳಲ್ಲಿ ಪ್ರಥಮ ವರ್ಷದವರು ಮುಖ್ಯ ತಂಡಕ್ಕೆ ಆಡುವಂತಿರಲಿಲ್ಲವಾದರೂ, ಅವರಿಗೆಂದೇ ಬೇರೆ ತಂಡ, ಬೇರೆ ಪಂದ್ಯಗಳಿದ್ದವು. ಇಂದು ಬೆಂಚಿನ ತುದಿಯಲ್ಲಿ ಕೂತು ಚಪ್ಪಾಳೆ ತಟ್ಟುವ ಹುಡುಗನಿಗೆ ಆ ಸಮಾಧಾನವೂ ಇಲ್ಲ.

ಕಾಲೇಜಿನ ಕಡೆಯಿಂದ ನೋಡಿದರೆ ಲೆಕ್ಕ ಇನ್ನೂ ಕಷ್ಟದ್ದು. ವರ್ಗಾವಣೆಯಾದವರು ಒಂದು ವರ್ಷ ಕಾಯಬೇಕೆಂಬ ಕಟ್ಟು 2021ರಲ್ಲಿ ಸಡಿಲವಾಯಿತು. ಹೆಸರು ಮತ್ತು ಚಿತ್ರ ಬಳಸಿ ಹಣ ಗಳಿಸುವ ಹಕ್ಕೂ ಆಟಗಾರರಿಗೆ ಆ ವರ್ಷವೇ ಬಂತು. ಹೀಗಾಗಿ ವರ್ಷವಿಡೀ ಊಟ, ವ್ಯಾಯಾಮ, ತರಬೇತಿ ಕೊಟ್ಟು ಬೆಳೆಸಿದ ಹುಡುಗ ಮರುವರ್ಷ ಎದುರಾಳಿಯ ಅಂಗಿ ತೊಟ್ಟು ಬಂದರೆ ಆಶ್ಚರ್ಯಪಡುವಂತಿಲ್ಲ. ಬಿತ್ತಿದವನೊಬ್ಬ, ಕೊಯ್ದವನೊಬ್ಬ ಎಂಬಂತಾದ ಮೇಲೆ ತರಬೇತುದಾರರು ಹೊಸಬನನ್ನು ಬೆಳೆಸುವ ಬದಲು ಪಳಗಿದವನನ್ನೇ ಕರೆತರುವುದು ಸಹಜ. ಹುಡುಗ ಹೋಗುವುದನ್ನು ನಾನಂತೂ ತಪ್ಪೆನ್ನಲಾರೆ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಒಂದೇ ವರ್ಷದಲ್ಲಿ ಎನ್‌ಬಿಎ ಸೇರಬಲ್ಲ ಪ್ರತಿಭಾವಂತನಿಗೆ ಇದು ಬೇಡವೇ ಬೇಡ. ಉದ್ದ ಕೈಕಾಲಿನ, ಇನ್ನೂ ತೆಳ್ಳಗಿರುವ, ಮುಂದೆ ಹಿರಿಯ ಆಟಗಾರರ ಸಾಲೇ ಇರುವ ತಂಡಕ್ಕೆ ಸೇರಿದವನಿಗೆ ಧಾರಾಳವಾಗಿ ಸೂಚಿಸಬಹುದು. ಆದರೆ ನವೆಂಬರ್‌ನಲ್ಲಿ ಋತು ಶುರುವಾಗುವ ಮೊದಲೇ, ಮುಂದಿನ ವರ್ಷ ಯಾರ ಜಾಗ ತೆರವಾಗುತ್ತದೆ ಎಂಬುದನ್ನು ತರಬೇತುದಾರರು ಅವನಿಗೆ ಬಿಡಿಸಿ ಹೇಳಿರಬೇಕು.